ಸಾಹುಕಾರರ ಮಾತ್ರೆ ಗಲ್ಲಾದಲ್ಲಿ, ಹುಡುಗನ ಮಾತ್ರೆ ಬುತ್ತಿಯಲ್ಲಿ

ದೀಪಾವಳಿ ವ್ಯಾಪಾರದ ಭರಾಟೆ. ದಾವಣಗೆರೆ ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಕಾಲಿಡಲು ಜಾಗವಿಲ್ಲ. ಮೇಲಿನ ಕಪಾಟಿನಿಂದ ಸೀರೆ ಕಟ್ಟು ಇಳಿಸುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಏಣಿಯ ಮೂರನೇ ಮೆಟ್ಟಿಲಿನಿಂದ ಕೆಳಗುರುಳಿದ. ಕೈಕಾಲು ಸೆಟೆದವು, ಕಣ್ಣುಗುಡ್ಡೆ ಮೇಲಾದವು, ಬಾಯಲ್ಲಿ ನೊರೆ ಬಂತು.

"ಫಿಟ್ಸು ಬಂತು ನೋಡ್ರಪ್ಪೋ! ಕಬ್ಬಿಣ ಕೊಡ್ರೀ ಕೈಗೆ!"

ಯಾರೋ ಶಟರಿನ ಬೀಗದ ಕೈ ಗೊಂಚಲನ್ನೇ ತಂದು ಅಂಗೈಗೆ ತುರುಕಿದರು. ಇನ್ನೊಬ್ಬರು ಚಪ್ಪಲಿ ಕಳಚಿ ಮೂಗಿಗೆ ಹಿಡಿದರು. ಮತ್ತೊಬ್ಬರು ಈರುಳ್ಳಿ ತರಲು ಪಕ್ಕದ ಖಾನಾವಳಿಗೆ ಓಡಿದರು. ಒಬ್ಬ ಮಹಾನುಭಾವ ಮಾತ್ರ ಏನೂ ಮಾಡದೆ ಮೊಬೈಲು ಎತ್ತಿ ಹಿಡಿದು ಚಿತ್ರ ತೆಗೆಯುತ್ತ ನಿಂತಿದ್ದ. ಎರಡು ನಿಮಿಷದಲ್ಲಿ ಹುಡುಗ ತಾನಾಗಿಯೇ ಕಣ್ಣು ಬಿಟ್ಟ. ಕೀರ್ತಿ ಬೀಗದ ಕೈಗೆ ಹೋಯಿತು.

ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದವು. ಸಾಹುಕಾರರು ಕೆಟ್ಟವರಲ್ಲ. ಆಟೋ ಬಾಡಿಗೆ, ಡಾಕ್ಟರ ಫೀಜು, ಔಷಧಿ ಎಲ್ಲ ಅವರದೇ. ಮರುದಿನ ಆ ತಿಂಗಳ ಸಂಬಳವನ್ನು ಪೂರ್ತಿ ಎಣಿಸಿ ಹುಡುಗನ ಕೈಗಿಟ್ಟರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು: "ಮೊದ್ಲೇ ಯಾಕಪ್ಪ ಹೇಳ್ಲಿಲ್ಲ?"

ಹುಡುಗ ತಲೆ ತಗ್ಗಿಸಿ ನಿಂತ. ನಾಳೆಯಿಂದ ಬರುವುದು ಬೇಡ ಎಂದು ಬಾಯಿ ಬಿಟ್ಟು ಹೇಳುವ ಅಗತ್ಯವೂ ಬೀಳಲಿಲ್ಲ.

ಅಂಗಡಿಯ ಹೆಸರು, ಹುಡುಗನ ಹೆಸರು ಇಲ್ಲಿ ಬೇಡ. ಅಲ್ಲದೆ ಇದು ಒಂದೇ ಅಂಗಡಿಯ ಕತೆಯೂ ಅಲ್ಲ. ಹುಬ್ಬಳ್ಳಿಯಿರಲಿ, ಶಿವಮೊಗ್ಗವಿರಲಿ, ಚಿತ್ರದುರ್ಗವಿರಲಿ, ಯಾವ ಪೇಟೆಯಲ್ಲಿ ವಿಚಾರಿಸಿದರೂ ಇಂಥದ್ದೊಂದು ಸಿಗುತ್ತದೆ.

ಅಂದು ಸಂಜೆ ಜಗಳೂರು ಕಡೆಯ ಬಸ್ಸಿನಲ್ಲಿ ಇದೇ ಮಾತು. ಹುಡುಗನ ಊರು ಆ ದಾರಿಯದೇ. "ರೋಗ ಇಟ್ಕಂಡು ಕೆಲ್ಸಕ್ಕೆ ಸೇರಿದ್ದೇ ತಪ್ಪು" ಎಂದರು ಒಬ್ಬರು. "ಸಾವ್ಕಾರ್ರಿಗೆ ಮೋಸ ಮಾಡ್ದಂಗಲ್ವೇನ್ರೀ?" ಎಂದರು ಇನ್ನೊಬ್ಬರು. "ಏಣಿ ಮೇಲಿಂದ ಗಿರಾಕಿ ತಲೆ ಮೇಲೆ ಬಿದ್ದಿದ್ರೆ ಯಾರು ಜವಾಬ್ದಾರಿ?" ಎಂದು ಹಿಂದಿನ ಸೀಟಿನಿಂದ ಒಂದು ದನಿ. ಊರು ಮುಟ್ಟುವ ಹೊತ್ತಿಗೆ ತೀರ್ಪು ಆಗಿಹೋಗಿತ್ತು. ತಪ್ಪು ಹುಡುಗನದು.

ಈ ತೀರ್ಪು ಸರಿಯಲ್ಲ. ಸಾಹುಕಾರರ ಪ್ರಶ್ನೆಗೆ ಹುಡುಗನ ಹತ್ತಿರ ಉತ್ತರ ಇತ್ತು. ನಿಂತು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ, ಅಷ್ಟೆ.

ಅವನು ಹೇಳಿದ್ದ, ಸ್ವಾಮಿ. ಈ ಅಂಗಡಿಯಲ್ಲಿ ಹೇಳಿರಲಿಲ್ಲ. ಇದಕ್ಕೆ ಮುಂಚೆ ಮೂರು ಕಡೆ ಹೇಳಿದ್ದ.

ಮೊದಲನೆಯದು ಒಂದು ಕಿರಾಣಿ ಅಂಗಡಿ. ಲೆಕ್ಕ ಬರೆಯಲು ಹುಡುಗ ಬೇಕೆಂದು ಬೋರ್ಡು ಹಾಕಿದ್ದರು. ಇವನು ಪಿ.ಯು.ಸಿ. ಪಾಸು, ಅಕ್ಷರ ದುಂಡಗೆ, ಕೂಡಿಸಿ ಕಳೆಯುವುದರಲ್ಲಿ ಚುರುಕು. ಸಂಬಳದ ಮಾತೂ ಕುದುರಿತ್ತು. ಕೊನೆಗೆ ಇವನೇ, "ಸಾವ್ಕಾರ್ರೆ, ಒಂದು ಮಾತು. ನನಗೆ ಸಣ್ಣವನಿದ್ದಾಗಿಂದ ಫಿಟ್ಸ್ ಐತ್ರೀ. ಮಾತ್ರೆ ತಗೊಳ್ತೀನಿ. ಎರಡು ವರ್ಷ ಆತು, ಒಂದ್ಸಲಾನೂ ಬಂದಿಲ್ಲ" ಎಂದ. "ಹೌದಾ? ಆಯ್ತಪ್ಪ, ಹೇಳಿ ಕಳಿಸ್ತೀವಿ" ಎಂದರು. ಇನ್ನೂ ಹೇಳಿ ಕಳಿಸುತ್ತಲೇ ಇದ್ದಾರೆ.

ಎರಡನೆಯದು ಔಷಧಿ ಅಂಗಡಿ. ಇಲ್ಲಾದರೂ ಅರ್ಥ ಮಾಡಿಕೊಂಡಾರು ಎಂದು ಧೈರ್ಯವಾಗಿ ಹೋದ. ಅವನು ನುಂಗುವ ಮಾತ್ರೆಯನ್ನೇ ದಿನಕ್ಕೆ ಹತ್ತಾರು ಜನರಿಗೆ ಮಾರುವವರು, "ಗಾಜಿನ ಸಾಮಾನು ಜಾಸ್ತಿ ಐತಪ್ಪ ಇಲ್ಲಿ" ಎಂದು ಬೇರೆ ಕಡೆ ನೋಡಿದರು.

ಮೂರನೆಯದು ಹೋಟೆಲು. ಮಾಲೀಕರು ಕರುಣಾಳು. "ಪಾಪ, ಈ ವಯಸ್ಸಿಗೆ ಇಂಥಾ ಕಾಯ್ಲೆ" ಎಂದು ಮರುಗಿ, ಒಂದು ಬೆಣ್ಣೆ ದೋಸೆ ತಿನ್ನಿಸಿ, ಬಸ್ ಚಾರ್ಜಿಗೆ ಐವತ್ತು ರೂಪಾಯಿ ಕೊಟ್ಟು ಕಳಿಸಿದರು. ಕೆಲಸ ಕೇಳಲು ಹೋದವನು ಭಿಕ್ಷೆ ಹಿಡಿದು ಹೊರಬಂದ. ಮೂರರಲ್ಲಿ ಅವನಿಗೆ ಹೆಚ್ಚು ನೋವಾದದ್ದು ಇದರಿಂದಲೇ.

ನಾಲ್ಕನೇ ಕಡೆ ಬಾಯಿ ಮುಚ್ಚಿಕೊಂಡ. ಕೆಲಸ ಸಿಕ್ಕಿತು. ಎಂಟು ತಿಂಗಳು ಒಂದು ದಿನ ತಡವಾಗಿ ಬಂದವನಲ್ಲ, ಗಿರಾಕಿ ಹತ್ತಿರ ಒಂದು ಮಾತು ಆಡಿಸಿಕೊಂಡವನಲ್ಲ. ಆ ಎಂಟು ತಿಂಗಳಲ್ಲಿ ಸಾಹುಕಾರರು ಅವನನ್ನು ಹೊಗಳಿದ್ದೂ ಉಂಟು. ಅದೆಲ್ಲ ಎರಡು ನಿಮಿಷದಲ್ಲಿ ಅಳಿಸಿಹೋಯಿತು.

ಇನ್ನು ಎಂಟು ತಿಂಗಳು ಬಾರದ್ದು ಆ ದಿನವೇ ಯಾಕೆ ಬಂತು ಎಂಬುದನ್ನು ನೋಡಬೇಕು. ಇಡೀ ವಿಷಯದ ಗಂಟು ಇರುವುದೇ ಅಲ್ಲಿ.

ಮೂರ್ಛೆರೋಗ ಎಂದರೆ ದೆವ್ವವಲ್ಲ, ಶಾಪವಲ್ಲ, ಅಂಟುಜಾಡ್ಯವೂ ಅಲ್ಲ. ಮಿದುಳಿನ ನರಕೋಶಗಳಲ್ಲಿ ಹರಿಯುವ ಸಣ್ಣ ವಿದ್ಯುತ್ತು ಒಮ್ಮೆಲೇ ತಾಳ ತಪ್ಪುವುದು, ಅಷ್ಟೆ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನಕ್ಕೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸರಿಯಾಗಿ ಔಷಧಿ ತೆಗೆದುಕೊಂಡರೆ ನೂರಕ್ಕೆ ಎಪ್ಪತ್ತು ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದೂ ಅದೇ ಸಂಸ್ಥೆ ಹೇಳುತ್ತದೆ. ಔಷಧಿಯೇನು ಹೊಸದಲ್ಲ, ದುಬಾರಿಯೂ ಅಲ್ಲ. ಫಿನೋಬಾರ್ಬಿಟೋನ್ 1912ರಿಂದ ಬಳಕೆಯಲ್ಲಿದೆ. ಆದರೆ ಇದಕ್ಕೆ ಎರಡು ಕಟ್ಟುಪಾಡು. ಮಾತ್ರೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು, ರಾತ್ರಿ ಕಣ್ತುಂಬ ನಿದ್ದೆ ಬೇಕು. ಇವೆರಡೂ ಒಟ್ಟಿಗೆ ತಪ್ಪಿದರೆ ವರ್ಷಗಟ್ಟಲೆ ಸುಮ್ಮನಿದ್ದ ಕಾಯಿಲೆ ಎದ್ದು ಕೂರುತ್ತದೆ.

ಹುಡುಗ ಬೆಳಗಿನ ಮಾತ್ರೆಯನ್ನು ಬಸ್ಸು ಹತ್ತುವ ಅವಸರದಲ್ಲಿ ಮನೆಯಲ್ಲಿ ನುಂಗುತ್ತಿರಲಿಲ್ಲ. ಕಾಗದದಲ್ಲಿ ಸುತ್ತಿ ಬುತ್ತಿಯ ಡಬ್ಬಿಯಲ್ಲಿ, ರೊಟ್ಟಿಯ ಕೆಳಗೆ ಇಟ್ಟು ತರುತ್ತಿದ್ದ. ಪಟ್ಟಿ ತಂದರೆ ಮೇಲಿನ ಹೆಸರನ್ನು ಯಾರಾದರೂ ಓದಿಯಾರು ಎಂಬ ಭಯ. ರಾತ್ರಿಯದು ಊರಿಗೆ ಹೋದ ಮೇಲೆ. ಹಬ್ಬದ ವಾರ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತಿತ್ತು. ಎರಡು ರಾತ್ರಿ ಗೋದಾಮಿನಲ್ಲಿ ಬಟ್ಟೆ ಗಂಟುಗಳ ಮೇಲೆಯೇ ಮಲಗಿದ. ಮಲಗಿದ್ದು ಮೂರು ಮೂರು ತಾಸು. ಮಾತ್ರೆ ಇದ್ದದ್ದು ಊರಿನ ಮನೆಯ ಗೂಡಿನಲ್ಲಿ. "ಸಾವ್ಕಾರ್ರೆ, ನಾನು ರಾತ್ರಿ ಊರಿಗೆ ಹೋಗ್ಲೇಬೇಕು" ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಕೆಲಸ ಹೋಗುತ್ತದೆ. ಹೇಳಲಿಲ್ಲ. ಮೂರನೇ ದಿನ ಏಣಿ ಹತ್ತಿದ.

ಅಂದರೆ ಅವನನ್ನು ಬೀಳಿಸಿದ್ದು ಕಾಯಿಲೆಗಿಂತ ಹೆಚ್ಚಾಗಿ ಕಾಯಿಲೆಯ ಮುಚ್ಚುಮರೆ. ಆ ಮುಚ್ಚುಮರೆಯನ್ನು ಅವನಿಗೆ ಕಲಿಸಿದ್ದು ಯಾರು? ಮೊದಲಿನ ಮೂರು ಅಂಗಡಿ. ಹೇಳಿದವನಿಗೆ ಬಾಗಿಲು ಹಾಕಿ, ಹೇಳದವನಿಗೆ ಕೆಲಸ ಕೊಡುವ ಪೇಟೆ, ಆಮೇಲೆ "ಮೊದ್ಲೇ ಯಾಕೆ ಹೇಳ್ಲಿಲ್ಲ" ಎಂದು ಕೇಳುವುದರಲ್ಲಿ ಏನು ನ್ಯಾಯ?

ಹಾಗೆಂದು ಸಾಹುಕಾರರ ಮಾತನ್ನು ತಳ್ಳಿಹಾಕುವಂತಿಲ್ಲ. ಅಂಗಡಿ ನಡೆಸುವವರ ಭಯ ಸುಳ್ಳಲ್ಲ. ಹಬ್ಬದ ದಿನ ಅಂಗಡಿಯ ನಡುವೆ ಹುಡುಗನೊಬ್ಬ ಬಿದ್ದು ಒದ್ದಾಡಿದರೆ ಗಿರಾಕಿ ಸೀರೆ ಬಿಟ್ಟು ಎದ್ದು ಹೋಗುತ್ತಾಳೆ. ಏನಾದರೂ ಹೆಚ್ಚುಕಡಿಮೆಯಾದರೆ ಪೊಲೀಸು, ಪಂಚನಾಮೆ, ಪರಿಹಾರ, ಅಲೆದಾಟ. ಅವನ ಮನೆಯವರ ಎದುರು ನಿಲ್ಲುವುದು ಯಾರು? ಇರುವ ನಾಲ್ಕು ಜನರಲ್ಲಿ ಒಬ್ಬ ಆಗಾಗ ರಜೆ ಹಾಕಿದರೆ ಸಣ್ಣ ಅಂಗಡಿ ನಡೆಯುವುದು ಹೇಗೆ? ಕಂಪನಿಗಳಂತೆ ಬದಲಿ ಆಳು ಇಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇದೆಯೇ? ಇವೆಲ್ಲ ನಿಜವಾದ ಪ್ರಶ್ನೆಗಳೇ.

ಆದರೆ ಈ ಭಯಗಳಲ್ಲಿ ಅರ್ಧಕ್ಕರ್ಧ, ಗೊತ್ತಿಲ್ಲದಿದ್ದಾಗ ಮಾತ್ರ ಭಯ. ಗೊತ್ತಿದ್ದ ಸಾಹುಕಾರರು ಹುಡುಗನನ್ನು ಏಣಿ ಹತ್ತಿಸುತ್ತಿರಲಿಲ್ಲ, ಕೌಂಟರಿನಲ್ಲಿ ಬಿಲ್ಲು ಬರೆಯಲು ಕೂರಿಸುತ್ತಿದ್ದರು. ಅವನು ಸೇರಿದ್ದೇ ಒಳ್ಳೆಯ ಅಕ್ಷರ ಇದ್ದವನು. ಹಬ್ಬದ ವಾರ ಕೊನೆ ಬಸ್ಸಿಗೆ ಬಿಡುತ್ತಿದ್ದರು, ಇಲ್ಲವೇ "ಮಾತ್ರೆ ತಂದು ಇಲ್ಲೇ ಇಟ್ಕಳಪ್ಪ" ಎನ್ನುತ್ತಿದ್ದರು. ಇದರಲ್ಲಿ ಖರ್ಚಿನ ಬಾಬತ್ತು ಯಾವುದು?

ಬಿದ್ದಾಗ ಏನು ಮಾಡಬೇಕೆಂಬುದೂ ಗೊತ್ತಿರುತ್ತಿತ್ತು. ಬೀಗದ ಕೈಗೆ, ಚಪ್ಪಲಿಗೆ, ಈರುಳ್ಳಿಗೆ ಫಿಟ್ಸ್ ನಿಲ್ಲಿಸುವ ಶಕ್ತಿ ಇಲ್ಲ. ಹೆಚ್ಚಿನ ಸಲ ಅದು ಒಂದೆರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಸುತ್ತ ಇರುವ ಚೂಪು ವಸ್ತು ಸರಿಸಿ, ತಲೆಯ ಕೆಳಗೆ ಒಂದು ಮಡಿಸಿದ ಬಟ್ಟೆ ಇಟ್ಟು (ಜವಳಿ ಅಂಗಡಿಯಲ್ಲಿ ಅದಕ್ಕೇನು ಬರ!), ಒಂದು ಮಗ್ಗುಲಿಗೆ ಹೊರಳಿಸಿದರೆ ಸಾಕು. ಕೈಕಾಲು ಬಿಗಿಯಾಗಿ ಅದುಮಿ ಹಿಡಿಯಬಾರದು. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಬಾರದು. ಐದು ನಿಮಿಷವಾದರೂ ನಿಲ್ಲದಿದ್ದರೆ, ಅಥವಾ ಎಚ್ಚರವಾಗದೆ ಮತ್ತೆ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರಿಸಬೇಕು. ಬಸ್ ನಿಲ್ದಾಣದಲ್ಲಿ ಯಾರಾದರೂ ಬಿದ್ದರೂ ಇದೇ. ಮೊಬೈಲು ಎತ್ತಿ ಚಿತ್ರ ತೆಗೆಯುವುದು ಚಿಕಿತ್ಸೆಯ ಯಾವ ಪುಸ್ತಕದಲ್ಲೂ ಇಲ್ಲ.

ಇನ್ನೊಂದು ತಮಾಷೆ ಇದೆ. ಅದೇ ಅಂಗಡಿಯ ಗಲ್ಲಾ ಪೆಟ್ಟಿಗೆಯಲ್ಲಿ, ಚಿಲ್ಲರೆ ತಟ್ಟೆಯ ಪಕ್ಕದಲ್ಲಿ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಸಾಹುಕಾರರ ಸಕ್ಕರೆ ಮಾತ್ರೆ, ಬಿ.ಪಿ. ಮಾತ್ರೆ. ಮಧ್ಯಾಹ್ನ ಒಂದೂವರೆ ಆಯಿತೆಂದರೆ ಗಿರಾಕಿ ಎದುರಿಗಿದ್ದರೂ ಸರಿ, ಡಬ್ಬಿ ತೆಗೆದು ಮಾತ್ರೆ ನುಂಗಿ, "ಶುಗರ್ ನೋಡಿ, ಟೈಮಿಗೆ ಸರಿಯಾಗಿ ಊಟ ಆಗ್ಬೇಕು" ಎಂದು ಎದ್ದು ಹೋಗುತ್ತಾರೆ. ಹೋಗಬೇಕಾದ್ದೇ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ. ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಎಷ್ಟು ಗಲ್ಲಾದಲ್ಲಿ ಆ ಡಬ್ಬಿ ಇದೆಯೋ! ಅದು ಯಾರಿಗೂ ನಾಚಿಕೆಯ ವಿಷಯವಲ್ಲ. ಸಾಹುಕಾರರಿಗೆ ಸಕ್ಕರೆ ಇದೆ ಎಂದು ಯಾವ ಗಿರಾಕಿಯೂ ಅಂಗಡಿ ಬದಲಿಸಿಲ್ಲ, ಯಾವ ಬ್ಯಾಂಕೂ ಸಾಲ ವಾಪಸು ಕೇಳಿಲ್ಲ.

ಅದೇ ಸಕ್ಕರೆ ಕಾಯಿಲೆ ಕೆಲಸದ ಹೆಣ್ಣುಮಗಳಿಗೆ ಇದ್ದರೆ? ಇನ್ಸುಲಿನ್ ಚುಚ್ಚಿಕೊಳ್ಳುವವಳು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಬೆವರಿ, ನಡುಗಿ, ತಲೆ ಸುತ್ತಿ ಬೀಳಬಹುದು. ಆದರೂ "ಗಿರಾಕಿ ಇದಾರೆ, ಆಮೇಲ್ ಹೋಗಮ್ಮ" ಎಂದರೆ ಮೂರು ಗಂಟೆಯವರೆಗೆ ನಿಂತೇ ಇರುತ್ತಾಳೆ. ಹೇಳಲು ಅವಳಿಗೂ ಭಯ. ಅವಳ ಸೂಜಿ ಇರುವುದು ವ್ಯಾನಿಟಿ ಬ್ಯಾಗಿನ ತಳದಲ್ಲಿ, ಚುಚ್ಚಿಕೊಳ್ಳುವುದು ಬಚ್ಚಲಿನಲ್ಲಿ. ಯಜಮಾನನಿಗೆ ಬಂದರೆ ಕಾಯಿಲೆ, ಆಳಿಗೆ ಬಂದರೆ ಅನರ್ಹತೆ. ಫಿಟ್ಸ್ ಇದ್ದವನು ಅನ್‌ಫಿಟ್ ಎಂಬ ಮಾತು ಹುಟ್ಟಿದ್ದು ಹೀಗೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮುಚ್ಚಿಡಲು ಇನ್ನೊಂದು ಕಾರಣ ಇದೆ, ಅದು ಕೆಲಸಕ್ಕಿಂತ ದೊಡ್ಡದು. ಅಂಗಡಿಯಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯ ಬಸ್ಸಿಗಿಂತ ಮೊದಲೇ ಊರು ಸೇರುತ್ತದೆ. ಸೇರಿದ ಮೇಲೆ ಗಂಡು ಗೊತ್ತಾಗುವುದು ಕಷ್ಟ. ಹುಡುಗಿಗೆ ಕಾಯಿಲೆ ಇರಬೇಕೆಂದೂ ಇಲ್ಲ, ಅಣ್ಣನಿಗೆ ಇದ್ದರೂ ಸಾಕು. ಏಣಿಯಿಂದ ಬಿದ್ದ ಹುಡುಗನಿಗೂ ಒಬ್ಬ ತಂಗಿ ಇದ್ದಾಳೆ. ಮೊಬೈಲಿನ ಆ ಚಿತ್ರ ಊರಿನ ಗುಂಪಿಗೆ ಬಂದ ದಿನ ಅವರವ್ವ ಅತ್ತದ್ದು ಮಗನ ಹುಬ್ಬಿನ ಹೊಲಿಗೆ ನೋಡಿಯಲ್ಲ. 1999ರವರೆಗೆ ಹಿಂದೂ ವಿವಾಹ ಕಾಯಿದೆಯಲ್ಲೇ ಪದೇ ಪದೇ ಬರುವ ಮೂರ್ಛೆರೋಗವನ್ನು ಮದುವೆಯ ಅನರ್ಹತೆಯೆಂದು ಬರೆದಿತ್ತು. ಆ ವರ್ಷ ತಿದ್ದುಪಡಿ ತಂದು ಆ ಮಾತನ್ನು ತೆಗೆದುಹಾಕಿದರು. ಪುಸ್ತಕದಿಂದ ಹೋಯಿತು, ಪಡಸಾಲೆಯಿಂದ ಹೋಗಿಲ್ಲ.

ಆದ್ದರಿಂದ ಆಳು ಹೇಳಬೇಕೆಂದು ಬಯಸುವ ಸಾಹುಕಾರರು ಮೊದಲು ತಮ್ಮ ಬಾಯಿ ಕಟ್ಟಬೇಕು. ಹೇಳಿದ್ದು ಅಂಗಡಿಯ ಗಲ್ಲಾ ದಾಟಬಾರದು. ಜೊತೆಗೆ ಕೆಲಸ ಮಾಡುವ ಒಬ್ಬನಿಗೆ, ಅದೂ ಆ ಹುಡುಗನೇ ತೋರಿಸಿದವನಿಗೆ, ಗೊತ್ತಿದ್ದರೆ ಸಾಕು. ಎದುರು ಅಂಗಡಿಯವರ ಜೊತೆ ಚಹಾ ಕುಡಿಯುವಾಗ ಆಡಿಕೊಳ್ಳುವ ವಿಷಯ ಇದಲ್ಲ.

ಹಾಗಾದರೆ ಎಲ್ಲ ಕಾಯಿಲೆಯನ್ನೂ ಎಲ್ಲರಿಗೂ ಹೇಳಲೇಬೇಕೇ? ಇಲ್ಲ. ಇಲ್ಲಿ ಒಂದು ಗೆರೆ ಎಳೆಯುವುದು ಅಗತ್ಯ.

ಬಸ್ಸು, ಲಾರಿ ಓಡಿಸುವವನು ಫಿಟ್ಸ್ ಮುಚ್ಚಿಟ್ಟರೆ ಅದಕ್ಕೆ ಕ್ಷಮೆ ಇಲ್ಲ. ಹಿಂದೆ ಕೂತ ಐವತ್ತು ಜನರ ಜೀವ ಅವನ ಕೈಯಲ್ಲಿದೆ. ಚಾಲನಾ ಪರವಾನಗಿಗೆ ಅರ್ಜಿ ಹಾಕುವಾಗ ತುಂಬುವ ಒಂದನೇ ನಮೂನೆಯಲ್ಲೇ ಮೂರ್ಛೆರೋಗ ಇದೆಯೇ, ಇದ್ದಕ್ಕಿದ್ದಂತೆ ಎಚ್ಚರ ತಪ್ಪುತ್ತದೆಯೇ ಎಂಬ ಪ್ರಶ್ನೆ ಇದೆ. ಅಲ್ಲಿ "ಇಲ್ಲ" ಎಂದು ಸುಳ್ಳು ಬರೆಯುವವನ ಪರವಾಗಿ ಯಾರೂ ವಾದಿಸಲಾರರು. ಕುದಿಯುವ ಎಣ್ಣೆ ಬಾಣಲೆಯ ಮುಂದೆ ನಿಲ್ಲುವವನು, ಲೇತ್ ಮೇಲೆ ಕೆಲಸ ಮಾಡುವವನು, ಕಟ್ಟಡದ ಸಾರುವೆ ಹತ್ತುವವನು ಕೂಡ ತನ್ನ ಜೀವದ ಸಲುವಾಗಿಯೇ ಹೇಳುವುದು ಒಳ್ಳೆಯದು.

ಇನ್ನೊಂದು ತುದಿಯಲ್ಲಿ ಎಚ್.ಐ.ವಿ. ಇದೆ. ಜೊತೆಯಲ್ಲಿ ಕೂತು ಲೆಕ್ಕ ಬರೆದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಅದು ಅಂಟುವುದಿಲ್ಲ. ಕೆಲಸಕ್ಕೆ ಅಡ್ಡಿಯೂ ಅಲ್ಲ. ಈ ಸೋಂಕು ಇದೆಯೆಂಬ ಒಂದೇ ಕಾರಣಕ್ಕೆ, ಕೆಲಸ ಮಾಡುವ ಶಕ್ತಿ ಇರುವ ದಿನಗೂಲಿಯವನಿಗೆ ಕೆಲಸ ನಿರಾಕರಿಸುವುದು ತಪ್ಪೆಂದು ಮುಂಬಯಿ ಹೈಕೋರ್ಟು 1997ರಲ್ಲೇ ತೀರ್ಪು ಕೊಟ್ಟಿತು. 2017ರಲ್ಲಿ ಪಾರ್ಲಿಮೆಂಟು ಇದಕ್ಕೆಂದೇ ಕಾಯಿದೆ ಮಾಡಿತು. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಕೆಲಸ ಕೊಡಬೇಕಾದರೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವುದು ಆ ಕಾಯಿದೆಯ ಪ್ರಕಾರ ನಿಷಿದ್ಧ. ಇಲ್ಲಿ ಮಾಲೀಕರು ಕೇಳಬೇಕಾಗಿಯೂ ಇಲ್ಲ, ಆಳು ಹೇಳಬೇಕಾಗಿಯೂ ಇಲ್ಲ.

ಇವೆರಡರ ನಡುವೆ ಇರುವುದೇ ದೊಡ್ಡ ಸಂತೆ. ಸಕ್ಕರೆ, ಉಬ್ಬಸ, ಹೃದಯದ ತೊಂದರೆ, ಫಿಟ್ಸ್, ರಕ್ತದ ಕಾಯಿಲೆಗಳು. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂದರೇನೆಂದು ದಾವಣಗೆರೆಗೆ ಹೊಸದಾಗಿ ಹೇಳಬೇಕಿಲ್ಲ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದೇ ಈ ಊರಿನಲ್ಲಿ. ಆ ಕಾಯಿಲೆಯ ಹುಡುಗ ಅಕ್ಕಿ ಮೂಟೆ ಹೊರಲಾರ. ಆದರೆ ಮಂಡಿಯ ಲೆಕ್ಕಪತ್ರ ಬರೆಯಲು ಅವನಿಗೆ ಏನು ಅಡ್ಡಿ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್‌ಸೆಲ್ ಸೇರಿವೆ, ಪಾರ್ಕಿನ್ಸನ್ ಸೇರಿದೆ. ಮೂರ್ಛೆರೋಗದ ಹೆಸರು ಆ ಪಟ್ಟಿಯಲ್ಲಿ ಇಲ್ಲ, ಸಕ್ಕರೆ ಕಾಯಿಲೆಯದೂ ಇಲ್ಲ. ಹೀಗಾಗಿ ಜವಳಿ ಅಂಗಡಿಗೆ ಕೆಲಸ ಕೇಳಿ ಬಂದ ಫಿಟ್ಸ್ ಹುಡುಗನ ಬೆನ್ನಿಗೆ ಕಾನೂನು ಹೇಳಿಕೊಳ್ಳುವ ಮಟ್ಟಿಗೆ ನಿಂತಿಲ್ಲ. ಅಲ್ಲಿ ಉಳಿಯುವುದು ಸಾಹುಕಾರರ ಮನಸ್ಸು ಒಂದೇ.

ಸೇರಿದ ಮೇಲಿನ ಮಾತು ಬೇರೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ವರ್ಷಕ್ಕೆ 12 ದಿನ ಸಂಬಳ ಸಹಿತ ಕಾಯಿಲೆ ರಜೆಯನ್ನು ಬರೆದಿಟ್ಟಿದೆ. ಆರು ತಿಂಗಳು ದುಡಿದವನನ್ನು ತಕ್ಕ ಕಾರಣವಿಲ್ಲದೆ, ತಿಂಗಳ ನೋಟಿಸಾಗಲಿ ಅದರ ಸಂಬಳವಾಗಲಿ ಕೊಡದೆ ಕಳಿಸುವಂತಿಲ್ಲ ಎಂದೂ ಬರೆದಿದೆ. ಎಂಟು ತಿಂಗಳು ದುಡಿದ ಹುಡುಗನಿಗೆ ಇದು ಗೊತ್ತಿರಲಿಲ್ಲ. ಸಾಹುಕಾರರಿಗೂ ಗೊತ್ತಿತ್ತೋ ಇಲ್ಲವೋ.

ರಜೆ ಹಾಕಿದರೆ ನಷ್ಟ ಎನ್ನುವವರಿಗೆ ಇ.ಎಸ್.ಐ. ಇದೆ. ಹತ್ತು ಜನ ಕೆಲಸಕ್ಕಿದ್ದರೆ ಅದರ ವ್ಯಾಪ್ತಿಗೆ ಬರಬೇಕು. 2017ರಲ್ಲಿ ಸಂಬಳದ ಮಿತಿಯನ್ನು 21,000 ರೂಪಾಯಿಗೆ ಏರಿಸಿದರು. 2019ರ ಜುಲೈಯಲ್ಲಿ ವಂತಿಗೆಯನ್ನು ಇಳಿಸಿದರು, ಮಾಲೀಕರದು ನೂರಕ್ಕೆ 3.25, ಆಳಿನದು 0.75. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಅನುಕೂಲ ಎಂದರೆ, ಖಾಸಗಿ ವಿಮೆಯವರ ಹಾಗೆ "ನಿನಗೆ ಮೊದಲೇ ಕಾಯಿಲೆ ಇತ್ತು, ದುಡ್ಡು ಕೊಡೋದಿಲ್ಲ" ಎಂಬ ತಕರಾರು ಇಲ್ಲ. ಹತ್ತಿ ಗಿರಣಿಗಳ ಕಾಲ ಮುಗಿದರೂ ದಾವಣಗೆರೆಯಲ್ಲಿ ಇ.ಎಸ್.ಐ. ಆಸ್ಪತ್ರೆ ಉಳಿದಿದೆ. ಆದರೆ ಎಷ್ಟು ಅಂಗಡಿಯ ಆಳುಗಳಿಗೆ ಆ ಕಾರ್ಡು ಇದೆ? ಕೆಲವು ಕಡೆ ಒಳಗೆ ಹೋಗಿ ತಲೆ ಎಣಿಸಿದರೆ ಹದಿಮೂರು, ಹಾಜರಿ ಪುಸ್ತಕ ತೆರೆದರೆ ಒಂಬತ್ತು. ಆ ನಾಲ್ಕು ತಲೆ ಎಲ್ಲಿ ಹೋದವು ಎಂದು ಕೇಳಬೇಕಾದವರು ಕೇಳುವುದಿಲ್ಲ. ಪುಸ್ತಕದಲ್ಲಿ ತಾವೇ ಆಳನ್ನು ಮುಚ್ಚಿಡುವವರು, ಆಳು ತನ್ನ ಕಾಯಿಲೆ ಮುಚ್ಚಿಟ್ಟರೆ ಸಿಟ್ಟಾಗುವುದು ಸ್ವಲ್ಪ ವಿಚಿತ್ರವೇ.

ಮಾಡಬೇಕಾದ್ದು ಬಹಳ ಏನಲ್ಲ. ಪೇಟೆಯ ಕೆಲವು ಹಳೆಯ ಅಂಗಡಿಗಳಲ್ಲಿ ಯಾರೂ ಹೇಳಿಕೊಡದೆಯೇ ನಡೆಯುತ್ತಿರುವ ಪದ್ಧತಿ. ಅಲ್ಲಿ ಹೊಸಬರಿಗೆ "ನಿನಗೆ ಏನಾದ್ರೂ ರೋಗ ಐತಾ" ಎಂದು ಮೊದಲೇ ಕೇಳುವುದಿಲ್ಲ. ಲೆಕ್ಕ ಮಾಡಿಸಿ ನೋಡುತ್ತಾರೆ, ಗಿರಾಕಿ ಹತ್ತಿರ ಮಾತಾಡಿಸಿ ನೋಡುತ್ತಾರೆ. ಕೈಗೆ ಹತ್ತುವವನು ಅನ್ನಿಸಿದರೆ, "ನೀನು ಬಾರಪ್ಪ" ಎಂದು ಮೊದಲು ಹೇಳಿ, ಆಮೇಲೆ ಕೇಳುತ್ತಾರೆ: "ಏಣಿ ಹತ್ತಬೇಕಾಗ್ತೈತಿ, ಮೂಟೆ ಎತ್ತಬೇಕಾಗ್ತೈತಿ, ಹಬ್ಬದಾಗ ರಾತ್ರಿ ತಡ ಆಗ್ತೈತಿ. ಇದ್ರಾಗ ನಿನಗೆ ಆಗದ್ದು ಯಾವ್ದು?" ಇಷ್ಟೇ. ಪ್ರಶ್ನೆ ಕೆಲಸದ ಮೇಲೆ ಇದೆ, ಮೈ ಮೇಲೆ ಇಲ್ಲ. ಕೆಲಸ ಸಿಕ್ಕಿದೆ ಎಂದು ಗೊತ್ತಾದವನು ನಿಜ ಹೇಳುತ್ತಾನೆ. ಕೆಲಸ ಹೋಗುತ್ತದೆ ಎಂದು ಗೊತ್ತಿದ್ದವನು ಹರಿಶ್ಚಂದ್ರನಾಗಬೇಕೆಂದು ಬಯಸುವುದು ದುರಾಸೆ.

ಕೆಲಸ ಕೇಳಲು ಹೋಗುವವರೂ ಒಂದು ಮಾತು ಗಮನಿಸಬಹುದು. ಅಂಗಡಿ ಮೆಟ್ಟಿಲು ಹತ್ತುತ್ತಲೇ ಕಾಯಿಲೆಯ ಪುರಾಣ ಬಿಚ್ಚಬೇಕಾದ್ದಿಲ್ಲ, ಕ್ಷಮೆ ಕೇಳುವವರ ಹಾಗೆ ಹೇಳಬೇಕಾದ್ದೂ ಇಲ್ಲ. ಕೆಲಸ ಗೊತ್ತಾದ ಮೇಲೆ, ಆದರೆ ಏಣಿ ಹತ್ತುವ ಮೊದಲು, ಡಾಕ್ಟರ ಚೀಟಿ ಒಂದನ್ನು ಕೈಯಲ್ಲಿ ಹಿಡಿದು, ಇಂಥದ್ದಿದೆ, ಇಷ್ಟು ವರ್ಷದಿಂದ ಬಂದಿಲ್ಲ, ಇಂಥ ಕೆಲಸ ಬೇಡ, ಇಂಥ ಕೆಲಸ ಎಷ್ಟು ಬೇಕಾದರೂ ಮಾಡುತ್ತೇನೆ ಎಂದರೆ ಕೇಳುವವರಿಗೂ ಧೈರ್ಯ. ಆದರೂ ಬಾಗಿಲು ಹಾಕುವವರು ಹಾಕುತ್ತಾರೆ. ಹಾಕುವುದಿಲ್ಲ ಎಂದು ಸುಳ್ಳು ಭರವಸೆ ಕೊಡುವುದು ಬೇಡ.

ಏಣಿಯಿಂದ ಬಿದ್ದ ಹುಡುಗನ ಹುಬ್ಬಿನ ಹೊಲಿಗೆ ಬಿಚ್ಚಿ ಆಯಿತು. ಎರಡು ವಾರ ಮನೆಯಲ್ಲಿದ್ದ. ಮೂರನೇ ವಾರ ಅದೇ ಬೆಳಗಿನ ಬಸ್ಸು ಹತ್ತಿ, ಈ ಸಲ ಜವಳಿ ಬೀದಿಗೆ ಹೋಗದೆ, ಊರಿನ ಇನ್ನೊಂದು ತುದಿಯ ಹಾರ್ಡ್‌ವೇರ್ ಅಂಗಡಿಗೆ ಹೋದ. ಬುತ್ತಿ ಡಬ್ಬಿ ಕೈಯಲ್ಲಿತ್ತು. ಅಂಗಡಿಯವರು ಅಕ್ಷರ ನೋಡಿದರು, ಮೆಚ್ಚಿದರು. ಹುಬ್ಬಿನ ಗಾಯ ನೋಡಿ, "ಏನಪ್ಪ ಇದು, ಏನಾದ್ರೂ ತೊಂದ್ರೆ ಐತೇನು?" ಎಂದು ಕೇಳಿದರು.

"ಏನಿಲ್ರೀ. ಸೈಕಲ್ಲಿಂದ ಬಿದ್ದಿದ್ದೆ" ಎಂದ ಹುಡುಗ.

ಸೋಮವಾರದಿಂದ ಬಾ ಎಂದಿದ್ದಾರೆ.